ಜೀರ್ಣಾಂಗಗಳ ಕ್ಯಾನ್ಸರ್: ಧಾರವಾಡ, ಗದಗ, ಹಾವೇರಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೀರ್ಣಾಂಗಗಳ ಕ್ಯಾನ್ಸರ್ ಎಂದರೆ ಯಾವ ಯಾವ ಅಂಗಗಳವು? ಬಾಯಿ ಕ್ಯಾನ್ಸರ್ ಅದರಲ್ಲಿ ಸೇರುತ್ತದೆಯೇ?

ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ, ಗುದದ್ವಾರ, ಯಕೃತ್ತು ಅಂದರೆ ಲಿವರ್, ಪಿತ್ತಕೋಶ, ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿ ಇವಿಷ್ಟೂ ಈ ಗುಂಪಿಗೆ ಸೇರುತ್ತವೆ. ಬಾಯಿ, ನಾಲಗೆ, ಗಂಟಲಿನ ಕ್ಯಾನ್ಸರುಗಳನ್ನು ವೈದ್ಯಕೀಯ ವರ್ಗೀಕರಣದಲ್ಲಿ ಬೇರೆಯಾಗಿ ಎಣಿಸುತ್ತಾರೆ. ಆದರೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ತಂಬಾಕಿನ ರಸವೇ ಅನ್ನನಾಳಕ್ಕೂ ಇಳಿಯುವುದರಿಂದ, ನಮ್ಮ ಭಾಗದಲ್ಲಿ ಎರಡನ್ನೂ ಪೂರ್ತಿ ಬೇರ್ಪಡಿಸಿ ಮಾತನಾಡುವುದು ಕಷ್ಟ.

"ಮೊದಲು ಇಷ್ಟು ಕ್ಯಾನ್ಸರ್ ಇರಲಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಅದು ನಿಜವೇ?

ಅರ್ಧ ನಿಜ. ರೋಗಿಗಳ ಸಂಖ್ಯೆ ಹೆಚ್ಚಿರುವುದರಲ್ಲಿ ಅನುಮಾನವಿಲ್ಲ, ಆದರೆ ಸಂಖ್ಯೆ ಹೆಚ್ಚಾಗುವುದೂ ರೋಗದ ಅಪಾಯ ಹೆಚ್ಚಾಗುವುದೂ ಬೇರೆ ಬೇರೆ ಸಂಗತಿಗಳು. 1960ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ 45 ವರ್ಷದ ಆಸುಪಾಸಿನಲ್ಲಿತ್ತು, ಈಗ ಅದು 70ರ ಆಸುಪಾಸಿನಲ್ಲಿದೆ. ಕರುಳು, ಜಠರ, ಮೇದೋಜೀರಕ ಗ್ರಂಥಿಗಳ ಕ್ಯಾನ್ಸರ್ ಮುಖ್ಯವಾಗಿ ಐವತ್ತು ದಾಟಿದವರಿಗೆ ಬರುವ ರೋಗವಾದ್ದರಿಂದ, ಆ ವಯಸ್ಸನ್ನು ಮುಟ್ಟುವವರು ಹೆಚ್ಚಾದಂತೆ ರೋಗಿಗಳೂ ಹೆಚ್ಚಾಗುತ್ತಾರೆ. ಇದಲ್ಲದೆ, ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮತ್ತು ಸ್ಕ್ಯಾನಿಂಗ್ ಜಿಲ್ಲಾ ಕೇಂದ್ರಗಳಿಗೂ ಬಂದ ಮೇಲೆ, ಹಿಂದೆ "ಹೊಟ್ಟೆಬೇನೆಯಿಂದ ತೀರಿಕೊಂಡರು" ಎಂದಷ್ಟೇ ಊರಿನಲ್ಲಿ ನೆನಪಾಗಿ ಉಳಿಯುತ್ತಿದ್ದ ಸಾವುಗಳಿಗೆ ಈಗ ರೋಗದ ಹೆಸರು ಸಿಗುತ್ತಿದೆ. ಈ ಕಾರಣಕ್ಕೆ ತಜ್ಞರು ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ, ಲಕ್ಷ ಜನಕ್ಕೆ ವರ್ಷಕ್ಕೆ ಎಷ್ಟು ಹೊಸ ರೋಗಿಗಳು ಎಂಬ ದರವನ್ನು ಲೆಕ್ಕ ಹಾಕುತ್ತಾರೆ. ಈ ದರವನ್ನು ಅಂಗವಾರು ನೋಡಿದಾಗ ಕೆಲವು ಏರುತ್ತಿವೆ, ಕೆಲವು ಇಳಿಯುತ್ತಿವೆ. "ಕ್ಯಾನ್ಸರ್ ಹೆಚ್ಚಾಗಿದೆ" ಎಂಬ ಒಂದೇ ಮಾತಿನಲ್ಲಿ ಈ ಏರಿಳಿತ ಮುಚ್ಚಿಹೋಗುತ್ತದೆ.

ದವಾಖಾನೆಯಲ್ಲಿ ಕಾಣುವ ಜನಸಂದಣಿಯಿಂದ ಇದನ್ನು ಅಳೆಯಲು ಬಾರದೇ?

ಬಾರದು. ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೆ, ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ದವಾಖಾನೆಗೆ ಬರುವವರು ಧಾರವಾಡ ಜಿಲ್ಲೆಯವರು ಮಾತ್ರವಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದಲೂ ಬರುತ್ತಾರೆ. ರಸ್ತೆ ಸುಧಾರಿಸಿದರೂ ಸಾಲು ಬೆಳೆಯುತ್ತದೆ, ಹೊಸ ವಿಮಾ ಯೋಜನೆ ಬಂದರೂ ಸಾಲು ಬೆಳೆಯುತ್ತದೆ.

ನಿಜವಾದ ಅಳತೆ ಸಿಗುವುದು ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಯಿಂದ. ಒಂದು ಗೊತ್ತಾದ ಪ್ರದೇಶದ ಎಲ್ಲ ದವಾಖಾನೆ, ಪ್ರಯೋಗಾಲಯ ಮತ್ತು ಮರಣ ದಾಖಲೆಗಳಿಂದ ಆ ಪ್ರದೇಶದ ನಿವಾಸಿಗಳನ್ನಷ್ಟೇ ಹೆಕ್ಕಿ, ಒಬ್ಬರನ್ನು ಒಂದೇ ಸಲ ಎಣಿಸುವ ಕ್ರಮ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಶುರುವಾದಾಗ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಈ ಕೆಲಸ ಆರಂಭವಾಯಿತು. ಬೆಂಗಳೂರಿನದನ್ನು ಅಲ್ಲಿಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಡೆಸುತ್ತ ಬಂದಿದೆ. ನಮ್ಮ ಸೀಮೆಗೆ ಬೆಂಗಳೂರಿನಷ್ಟೇ ಉಪಯುಕ್ತವಾದ ಇನ್ನೊಂದು ಕನ್ನಡಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. 1987ರಲ್ಲಿ ಅಲ್ಲಿ ದೇಶದ ಮೊದಲ ಗ್ರಾಮೀಣ ನೋಂದಣಿ ಆರಂಭವಾಯಿತು. ಜೋಳದ ರೊಟ್ಟಿ ಉಣ್ಣುವ, ಮಳೆ ಕಡಿಮೆ ಬೀಳುವ ಒಣಭೂಮಿಯ ಆ ಹಳ್ಳಿಗಳು ಬೆಂಗಳೂರಿಗಿಂತ ರೋಣ, ನವಲಗುಂದದ ಹಳ್ಳಿಗಳಿಗೆ ಹೆಚ್ಚು ಹೋಲುತ್ತವೆ. ಅಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ದರ ಮಹಾನಗರಗಳಿಗಿಂತ ಸಾಕಷ್ಟು ಕೆಳಗಿದೆ ಎಂಬುದು ಗಮನಿಸಬೇಕಾದ ಸಂಗತಿ.

ಒಂದು ಉದಾಹರಣೆಯ ಲೆಕ್ಕ ನೋಡಿ. 2011ರ ಜನಗಣತಿಯಂತೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ ಸುಮಾರು 45 ಲಕ್ಷ ಜನ. ಯಾವುದೋ ಒಂದು ಕ್ಯಾನ್ಸರಿನ ದರ ಲಕ್ಷಕ್ಕೆ 5 ಎಂದು ಹಿಡಿದರೆ ವರ್ಷಕ್ಕೆ ಸುಮಾರು 225 ಹೊಸ ರೋಗಿಗಳು ಆಗುತ್ತಾರೆ. ಅವರೆಲ್ಲ ಒಂದೆರಡು ದವಾಖಾನೆಗಳಿಗೇ ಹೋದರೆ ಅಲ್ಲಿ ಕುಳಿತವರಿಗೆ ಊರಿಗೆ ಊರೇ ಕಾಯಿಲೆ ಬಿದ್ದಂತೆ ಕಾಣುತ್ತದೆ.

ಹಾಗಾದರೆ ನಿಜವಾಗಿ ಬದಲಾಗುತ್ತಿರುವುದೇನು?

ಜೀರ್ಣಮಾರ್ಗದ ಮೇಲ್ಭಾಗದ ರೋಗಗಳು ನಿಧಾನವಾಗಿ ಇಳಿಯುತ್ತ, ಕೆಳಭಾಗದವು ನಿಧಾನವಾಗಿ ಏರುತ್ತಿವೆ. ಭಾರತದ ಹಳೆಯ ನಗರ ನೋಂದಣಿಗಳಲ್ಲಿ ಅನ್ನನಾಳ ಮತ್ತು ಜಠರದ ಕ್ಯಾನ್ಸರಿನ ದರ ಸ್ಥಿರವಾಗಿದೆ ಅಥವಾ ತಗ್ಗುತ್ತಿದೆ, ದೊಡ್ಡ ಕರುಳು ಮತ್ತು ಗುದನಾಳದ ದರ ಮೇಲೇರುತ್ತಿದೆ. ಜಗತ್ತಿನ ಮಟ್ಟದಲ್ಲಿ ಈ ಪಲ್ಲಟ ಬಹಳ ಹಿಂದೆಯೇ ಆಗಿದೆ. 2022ರ ಜಾಗತಿಕ ಅಂದಾಜಿನ ಪ್ರಕಾರ ದೊಡ್ಡ ಕರುಳು ಮತ್ತು ಗುದನಾಳದ ಹೊಸ ರೋಗಿಗಳು 19 ಲಕ್ಷಕ್ಕೂ ಹೆಚ್ಚು, ಜಠರದವರು ಸುಮಾರು 9.7 ಲಕ್ಷ, ಯಕೃತ್ತಿನವರು ಸುಮಾರು 8.7 ಲಕ್ಷ, ಅನ್ನನಾಳದವರು ಸುಮಾರು 5.1 ಲಕ್ಷ.

ನಮ್ಮ ಸೀಮೆಯ ತೊಂದರೆ ಬೇರೆ ರೀತಿಯದು. ಶ್ರೀಮಂತ ದೇಶಗಳಲ್ಲಿ ಹಳೆಯ ರೋಗ ಬಹುಮಟ್ಟಿಗೆ ತಗ್ಗಿದ ಮೇಲೆ ಹೊಸದು ಏರಿತು. ಇಲ್ಲಿ ತಂಬಾಕು ಮತ್ತು ಮದ್ಯದಿಂದ ಬರುವ ಅನ್ನನಾಳದ ರೋಗ ಇನ್ನೂ ಜಾಗ ಬಿಟ್ಟಿಲ್ಲ, ಆಗಲೇ ಬೊಜ್ಜು ಮತ್ತು ಕೂತು ಮಾಡುವ ಕೆಲಸದ ಜೊತೆಗೆ ಬರುವ ಕರುಳಿನ ರೋಗ ಕಾಲಿಟ್ಟಿದೆ. ಹೊಲದಲ್ಲಿ ದುಡಿದು ತಂಬಾಕು ಜಗಿಯುವ ತಂದೆಗೆ ಒಂದು ಅಪಾಯ, ಹುಬ್ಬಳ್ಳಿಯ ಅಂಗಡಿಯಲ್ಲಿ ದಿನವಿಡೀ ಗಲ್ಲೆಯ ಮುಂದೆ ಕೂರುವ ಮಗನಿಗೆ ಇನ್ನೊಂದು.

ಜಠರದ ಕ್ಯಾನ್ಸರ್ ಯಾರೂ ಏನೂ ಮಾಡದೆ ಕಡಿಮೆಯಾಗಲು ಕಾರಣವೇನು?

ಕ್ಯಾನ್ಸರನ್ನು ಗುರಿಯಾಗಿಟ್ಟು ಯಾರೂ ಏನೂ ಮಾಡಲಿಲ್ಲ ಎಂಬುದು ಹೆಚ್ಚುಕಡಿಮೆ ಸರಿಯೇ. 1930ರ ದಶಕದಲ್ಲಿ ಅಮೆರಿಕದಲ್ಲಿಯೂ ಜಠರದ ಕ್ಯಾನ್ಸರ್ ಕ್ಯಾನ್ಸರ್ ಸಾವುಗಳ ಮುಖ್ಯ ಕಾರಣಗಳಲ್ಲೊಂದಾಗಿತ್ತು. ಫ್ರಿಜ್ ಬಂದು ಉಪ್ಪು ಹಾಕಿ, ಹೊಗೆ ಹಿಡಿಸಿ ಆಹಾರ ಕೆಡದಂತೆ ಇಡುವ ಪದ್ಧತಿ ಕಡಿಮೆಯಾಯಿತು, ತಾಜಾ ಹಣ್ಣು ತರಕಾರಿ ವರ್ಷವಿಡೀ ಸಿಗತೊಡಗಿತು, ನೀರು ಮತ್ತು ನೈರ್ಮಲ್ಯ ಸುಧಾರಿಸಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮಕ್ಕಳಿಗೆ ತಗಲುವುದು ತಗ್ಗಿತು. ಜಠರದಲ್ಲಿ ಹುಣ್ಣು ಮಾಡುವ ಈ ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಗುರುತಿಸಿದರು, 2005ರಲ್ಲಿ ಅವರಿಗೆ ನೊಬೆಲ್ ಬಂತು. 1994ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತ್ತು. ವಿಚಿತ್ರವೆಂದರೆ ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಈ ಸೋಂಕು ಇದ್ದರೂ, ಮಿಜೋರಾಂನಂಥ ಕೆಲವು ಪ್ರದೇಶಗಳನ್ನು ಬಿಟ್ಟರೆ, ಜಠರದ ಕ್ಯಾನ್ಸರ್ ಆ ಪ್ರಮಾಣದಲ್ಲಿ ಇಲ್ಲ. ಹಾಗಾಗಿ ವರದಿಯಲ್ಲಿ ಈ ಬ್ಯಾಕ್ಟೀರಿಯಾದ ಹೆಸರು ಕಂಡೊಡನೆ ಗಾಬರಿಯಾಗಬೇಕಿಲ್ಲ. ವೈದ್ಯರು ಬರೆದ ಗುಳಿಗೆಗಳನ್ನು ಪೂರ್ತಿ ಅವಧಿ ತೆಗೆದುಕೊಂಡರೆ ಸಾಕು.

ಗುಟ್ಕಾ ನಿಷೇಧವಾಗಿ ಇಷ್ಟು ವರ್ಷವಾಯಿತು. ಅನ್ನನಾಳದ ಕ್ಯಾನ್ಸರ್ ಏಕೆ ನಿಂತಿಲ್ಲ?

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬರತೊಡಗಿತು, ಗಿರಾಕಿ ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳತೊಡಗಿದ. ಕಾನೂನು ಉಳಿಯಿತು, ಚಟವೂ ಉಳಿಯಿತು. ಇನ್ನು ತಂಬಾಕಿಲ್ಲದ ಬರೀ ಅಡಿಕೆ ನಿರಪಾಯ ಎಂಬ ನಂಬಿಕೆಯಂತೂ ಮಲೆನಾಡಿಗೆ ಅಂಟಿಕೊಂಡ ಹಾನಗಲ್ಲ, ಶಿಗ್ಗಾಂವಿಯ ಕಡೆ ಬಲವಾಗಿಯೇ ಇದೆ. ಅಡಿಕೆ ಸ್ವತಃ ಖಚಿತ ಕ್ಯಾನ್ಸರ್‌ಕಾರಕವೆಂದು ಅದೇ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಗಾರರಿಗೆ ಈ ಮಾತು ರುಚಿಸದಿರುವುದು ಸಹಜ, ಆದರೆ ಬೆಳೆಯ ಬೆಲೆ ಮತ್ತು ಜಗಿಯುವವನ ಆರೋಗ್ಯವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮದ್ಯ ಇದಕ್ಕೆ ಜೊತೆಯಾದಾಗ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವುದು ನಿಲ್ಲಲಿಲ್ಲ, ಅಗ್ಗದ ವಿಸ್ಕಿ ರಮ್ಮಿಗೆ ದಾಟಿತು. ಅನ್ನನಾಳಕ್ಕೆ ಬಾಟಲಿಯ ಮೇಲಿನ ಹೆಸರು ಮುಖ್ಯವಲ್ಲ, ಒಳಗಿರುವ ಆಲ್ಕೋಹಾಲ್ ಮುಖ್ಯ. ಬಿಸಿ ಚಹಾದ ಬಗ್ಗೆಯೂ ಕೇಳುತ್ತಾರೆ. 65 ಡಿಗ್ರಿ ಸೆಲ್ಸಿಯಸ್ ಮೀರಿದ ಪಾನೀಯಗಳನ್ನು 2016ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂದು ವರ್ಗೀಕರಿಸಲಾಗಿದೆ. ಚಹಾ ಬಿಡಬೇಕಿಲ್ಲ, ನಾಲಗೆ ಸುಡುವಂತೆ ಕುಡಿಯದಿದ್ದರಾಯಿತು.

ಗಮನಿಸಬೇಕಾದ ಲಕ್ಷಣ ಒಂದೇ: ಮೊದಲು ಗಟ್ಟಿ ರೊಟ್ಟಿ, ಆಮೇಲೆ ಮೆತ್ತನೆಯ ಅನ್ನ, ಕೊನೆಗೆ ನೀರೂ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದ ಹಿರಿಯರನ್ನು "ವಯಸ್ಸಾಯಿತು, ಹಲ್ಲಿಲ್ಲ" ಎಂದು ಬಿಟ್ಟುಬಿಡದೆ ಎಂಡೋಸ್ಕೋಪಿಗೆ ಕರೆದೊಯ್ಯಬೇಕು.

ಬ್ಯಾಡಗಿ ಮೆಣಸಿನಕಾಯಿಯ ಖಾರದಿಂದ ಹೊಟ್ಟೆಯ ಕ್ಯಾನ್ಸರ್ ಬರುತ್ತದೆಯೇ?

ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ, ಖಾರ ಅದರಲ್ಲಿ ಕಡಿಮೆಯೇ. ಖಾರವನ್ನು ಕ್ಯಾನ್ಸರಿನ ಸಾಬೀತಾದ ಕಾರಣಗಳ ಪಟ್ಟಿಯಲ್ಲಿ ಯಾರೂ ಇಟ್ಟಿಲ್ಲ. ಚಿಂತಿಸಬೇಕಾದ ವಿಷಯಗಳು ಬೇರೆ ಎರಡಿವೆ: ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಕಾಯಿ, ಮತ್ತು ಕೆಂಪು ಹೆಚ್ಚಿಸಲು ನಿಷಿದ್ಧ ಬಣ್ಣ ಬೆರೆಸಿದ ಬಿಡಿ ಪುಡಿ. ಒಳ್ಳೆಯ ಕಾಯಿ ಆರಿಸಿ ತಂದು ಗಿರಣಿಯಲ್ಲಿ ಕಣ್ಣೆದುರೇ ಖಾರಪುಡಿ ಮಾಡಿಸುವ ಮನೆಗಳು ಈ ವಿಷಯದಲ್ಲಿ ಜಾಣರು.

ಜೋಳದ ರೊಟ್ಟಿ ಉಣ್ಣುವವರಿಗೂ ಕರುಳಿನ ಕ್ಯಾನ್ಸರ್ ಏಕೆ?

ಮೊದಲು ಕೇಳಬೇಕಾದದ್ದು, ನಾವು ಈಗ ನಿಜವಾಗಿ ಎಷ್ಟು ಜೋಳ ಉಣ್ಣುತ್ತಿದ್ದೇವೆ ಎಂದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲೂ ಮೈದಾದಲ್ಲೂ ಅದು 3 ಗ್ರಾಂ ಮುಟ್ಟುವುದಿಲ್ಲ. ಎರಡು ಹೊತ್ತು ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ, ಹಸಿ ಸೌತೆ, ಮೂಲಂಗಿ ಇದ್ದ ಊಟದಲ್ಲಿ ಈಗ ಅನ್ನ, ಬ್ರೆಡ್ಡು, ಪರೋಟ ಬಂದು ಕೂತಿವೆ. ನಗರದ ಎಷ್ಟೋ ಮನೆಗಳಲ್ಲಿ ರೊಟ್ಟಿ ಬಡಿಯುವವರೇ ಇಲ್ಲ. ದಿನಕ್ಕೆ 90 ಗ್ರಾಂ ಇಡಿಧಾನ್ಯ ತಿನ್ನುವವರಲ್ಲಿ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 17ರಷ್ಟು ಕಡಿಮೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2017ರಲ್ಲಿ ಅಂದಾಜಿಸಿದೆ. ಶೇ. 17 ಅಂದರೆ ರಕ್ಷಣೆ ಉಂಟು, ಕವಚವಲ್ಲ. ಬೊಜ್ಜು, ಮದ್ಯ, ತಂಬಾಕು, ದೇಹಶ್ರಮದ ಅಭಾವ, ಮನೆತನದ ಗುಣ ಇವೆಲ್ಲ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಆದ್ದರಿಂದ ರೊಟ್ಟಿ ಉಂಡವರಿಗೆ ಬರುವುದೇ ಇಲ್ಲ ಎಂಬ ಮಾತು ತಪ್ಪು.

ಮೂವತ್ತು, ನಲವತ್ತರ ವಯಸ್ಸಿನವರಿಗೇ ಗುದನಾಳದ ಕ್ಯಾನ್ಸರ್ ಬರುತ್ತಿದೆಯಲ್ಲ?

ಭಾರತದ ದವಾಖಾನೆಗಳ ವರದಿಗಳಲ್ಲಿ ಈ ರೋಗಿಗಳ ಸರಾಸರಿ ವಯಸ್ಸು ಪಾಶ್ಚಾತ್ಯ ದೇಶಗಳಿಗಿಂತ ಹತ್ತಕ್ಕೂ ಹೆಚ್ಚು ವರ್ಷ ಕಡಿಮೆ ಕಾಣುತ್ತದೆ. ಇದಕ್ಕೆ ಒಂದು ಕಾರಣ ನಮ್ಮ ಜನಸಂಖ್ಯೆಯೇ ಎಳೆಯದಾಗಿರುವುದು. ಯುವಕರೇ ಹೆಚ್ಚಿರುವ ನಾಡಿನಲ್ಲಿ ಯಾವ ರೋಗದ ಸಾಲಿನಲ್ಲೂ ಯುವಕರ ಪಾಲು ಹೆಚ್ಚಿರುತ್ತದೆ. ಆದರೆ ಅದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಮೊಹರಿನ ಉಂಗುರದಾಕಾರದ ಜೀವಕೋಶಗಳುಳ್ಳ, ಬೇಗ ಹರಡುವ ಬಗೆಯ ಗಡ್ಡೆ ನಮ್ಮ ಯುವ ರೋಗಿಗಳಲ್ಲಿ ಹೆಚ್ಚಾಗಿ ಸಿಗುತ್ತಿದೆ. ಅಮೆರಿಕದಲ್ಲಿಯೂ ಐವತ್ತರ ಕೆಳಗಿನವರಲ್ಲಿ ಈ ರೋಗ ಏರಿದ್ದನ್ನು ಕಂಡು, 2021ರಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು.

ಮಲದಲ್ಲಿ ರಕ್ತ ಬಂದರೆ ಅದು ಮೂಲವ್ಯಾಧಿಯೇ ಅಲ್ಲವೇ?

ಬಹುಪಾಲು ಹೌದು, ಮತ್ತು ತೊಂದರೆ ಹುಟ್ಟುವುದೇ ಆ "ಬಹುಪಾಲು" ಎಂಬುದರಿಂದ. ರಕ್ತ ಕಂಡ ಮನುಷ್ಯ ಸಂಕೋಚದಿಂದ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಮನೆಯವರು ಮೂಲವ್ಯಾಧಿ ಎನ್ನುತ್ತಾರೆ, ಬಸ್ ನಿಲ್ದಾಣದ ಗೋಡೆಯ ಮೇಲೆ ಮೂಲವ್ಯಾಧಿಗೆ ಆಪರೇಷನ್ ಇಲ್ಲದ ಚಿಕಿತ್ಸೆಯ ಜಾಹೀರಾತು ಇದ್ದೇ ಇರುತ್ತದೆ. ಮುಲಾಮು, ಕ್ಷಾರ, ಚುಚ್ಚುಮದ್ದು ಎಂದು ಆರು ತಿಂಗಳು ಕಳೆಯುತ್ತವೆ. ಗುದನಾಳದ ಗಡ್ಡೆ ಬಹಳ ಸಲ ವೈದ್ಯರ ಬೆರಳಿಗೇ ಸಿಗುವಷ್ಟು ಹತ್ತಿರ ಇರುತ್ತದೆ. ಕೈಗವಸು ಹಾಕಿ ಬೆರಳಿನಿಂದ ಮಾಡುವ ಒಂದು ನಿಮಿಷದ ಪರೀಕ್ಷೆಯನ್ನು ಮಾಡದೆ ಯಾರಿಗೂ ಮೂಲವ್ಯಾಧಿಯ ಔಷಧ ಕೊಡಬಾರದು, ರೋಗಿಯೂ ಆ ಪರೀಕ್ಷೆಗೆ ನಾಚಬಾರದು.

ರಕ್ತದ ಜೊತೆ ಲೋಳೆ ಬರುವುದು, ಹೋಗಿ ಬಂದರೂ ಇನ್ನೂ ಉಳಿದಂತೆ ಅನಿಸುವುದು, ಆರು ವಾರಕ್ಕಿಂತ ಹೆಚ್ಚು ಕಾಲ ಮಲವಿಸರ್ಜನೆಯ ರೀತಿ ಬದಲಾಗಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಕೊಲೊನೋಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಬೇಕೆನ್ನುವ ಸೂಚನೆಗಳು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಕಂಡರೆ, ಬರೀ ಕಬ್ಬಿಣದ ಗುಳಿಗೆ ನುಂಗಿ ಸುಮ್ಮನಾಗಬಾರದು. ಬಲಭಾಗದ ಕರುಳಿನ ಗಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಸೋರಿಸುತ್ತಿರುತ್ತದೆ. ಅಮೆರಿಕದ ಅಂಕಿಗಳಲ್ಲಿ ಕರುಳಿನೊಳಗೇ ಇದ್ದಾಗ ಪತ್ತೆಯಾದವರಲ್ಲಿ ಸುಮಾರು ಶೇ. 90 ಮಂದಿ ಐದು ವರ್ಷ ದಾಟುತ್ತಾರೆ, ದೂರದ ಅಂಗಗಳಿಗೆ ಹರಡಿದ ಮೇಲೆ ಆ ಪ್ರಮಾಣ ಶೇ. 15ರ ಆಸುಪಾಸಿಗೆ ಬರುತ್ತದೆ.

ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಹೇಗೆ ಬರುತ್ತದೆ?

ಮೂರು ದಾರಿಗಳಿವೆ. ಮೊದಲನೆಯದು ಹೆಪಟೈಟಿಸ್ ಬಿ ಮತ್ತು ಸಿ ವೈರಸ್. ಬಿ ಲಸಿಕೆ ದೇಶದಾದ್ಯಂತ ಎಲ್ಲ ಮಕ್ಕಳಿಗೆ ದೊರೆಯತೊಡಗಿದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಬಹುತೇಕರಿಗೆ ಅದು ಸಿಕ್ಕಿಲ್ಲ, ಒಮ್ಮೆ ರಕ್ತ ಪರೀಕ್ಷಿಸಿಕೊಂಡು ಲಸಿಕೆ ಪಡೆಯಬಹುದು. ಸಿ ವೈರಸ್ಸಿಗೆ ಲಸಿಕೆ ಇಲ್ಲ, ಆದರೆ ಕೆಲವೇ ತಿಂಗಳಲ್ಲಿ ವಾಸಿ ಮಾಡುವ ಗುಳಿಗೆಗಳಿವೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅವು ಉಚಿತ. ಎರಡನೆಯದು ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಕೊಬ್ಬಿನ ಲಿವರ್. ಸ್ಕ್ಯಾನಿಂಗ್ ವರದಿಯಲ್ಲಿ "ಫ್ಯಾಟಿ ಲಿವರ್" ಎಂದು ಬರೆದಿದ್ದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮೂರನೆಯದು ನಮ್ಮ ಹೊಲಕ್ಕೇ ಸಂಬಂಧಿಸಿದ್ದು. ಗದಗಿನ ಶೇಂಗಾ, ಹಾವೇರಿಯ ಗೋವಿನಜೋಳ ಒದ್ದೆಯಾಗಿ ಉಳಿದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ಇರುವವರಲ್ಲಿ ಇದರ ಹಾನಿ ಹಲವು ಪಟ್ಟು ಹೆಚ್ಚು. ಸುರುಟಿದ, ಬಣ್ಣಗೆಟ್ಟ, ಕಹಿ ಶೇಂಗಾವನ್ನು "ಹಿಂಡಿಗೆ ನಡೆಯುತ್ತದೆ" ಎಂದು ಚಟ್ನಿಪುಡಿಗೆ ಹಾಕುವ ರೂಢಿ ಬಿಡಬೇಕು. ಲಿವರ್ ಈಗಾಗಲೇ ಗಡುಸಾಗಿ ಸಿರೋಸಿಸ್ ಆದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಬೇಕು.

ಕಾಮಣಿಗೆ ಅಂದರೆ ಕಾಮಾಲೆಗೆ ಹಳ್ಳಿ ಔಷಧ ಮಾಡಿಸಿದರೆ ತಪ್ಪೇನು?

ಕಾಮಣಿ ಒಂದು ರೋಗವಲ್ಲ, ಹಲವು ರೋಗಗಳ ಒಂದೇ ಬಣ್ಣ. ವೈರಸ್ಸಿನಿಂದ ಬಂದದ್ದು ಎಷ್ಟೋ ಸಲ ತಾನಾಗಿ ವಾಸಿಯಾಗುತ್ತದೆ, ಹೆಸರು ಔಷಧ ಕೊಟ್ಟವರಿಗೆ ಹೋಗುತ್ತದೆ. ಆದರೆ ಐವತ್ತು ದಾಟಿದವರಲ್ಲಿ ಜ್ವರ, ನೋವು ಇಲ್ಲದೆ ದಿನೇದಿನೇ ಹೆಚ್ಚುವ ಕಾಮಣಿ, ಮೈ ತುರಿಕೆ, ಮಣ್ಣಿನ ಬಣ್ಣದ ಮಲ ಕಂಡರೆ, ಪಿತ್ತನಾಳವನ್ನು ಗಡ್ಡೆಯೊಂದು ಒತ್ತುತ್ತಿರಬಹುದು. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಹುಟ್ಟಿದ ಕ್ಯಾನ್ಸರ್ ಹೀಗೆಯೇ ತೋರಿಕೊಳ್ಳುತ್ತದೆ, ಶಸ್ತ್ರಚಿಕಿತ್ಸೆಗೆ ಅವಕಾಶವಿರುವ ಕಾಲವೂ ಅದೇ. ತೂಕ ಇಳಿಯುತ್ತಿರುವಾಗಲೇ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹಿರಿಯರನ್ನೂ ವೈದ್ಯರು ಈ ದೃಷ್ಟಿಯಿಂದ ನೋಡಬೇಕು.

ಪಿತ್ತಕೋಶದಲ್ಲಿ ಹರಳಿದೆ. ಕ್ಯಾನ್ಸರ್ ಆಗುವುದೇ?

ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನಲ್ಲಿ ಮತ್ತು ಅಸ್ಸಾಮಿನಲ್ಲಿ ಹೆಚ್ಚು, ದಕ್ಷಿಣದಲ್ಲಿ ವಿರಳ. ಹರಳು ಇರುವ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಹರಳು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಅಥವಾ ಪಿತ್ತಕೋಶದ ಗೋಡೆ ದಪ್ಪಗಾಗಿದ್ದರೆ ಶಸ್ತ್ರಚಿಕಿತ್ಸಕರನ್ನು ಕಾಣಿರಿ.

ಕ್ರಿಮಿನಾಶಕ ಮತ್ತು ಫ್ಲೋರೈಡ್ ನೀರೇ ಇದಕ್ಕೆಲ್ಲ ಕಾರಣವೆಂದು ಹೇಳುತ್ತಾರಲ್ಲ?

ಮುಂಡರಗಿಯ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಹಲ್ಲು ಮತ್ತು ಎಲುಬನ್ನು ಹಾಳುಮಾಡುತ್ತದೆ, ಜೀರ್ಣಾಂಗದ ಕ್ಯಾನ್ಸರಿಗೆ ಅದು ಕಾರಣವೆಂದು ಸಾಬೀತಾಗಿಲ್ಲ. ಗ್ಲೈಫೋಸೇಟ್, ಮೆಲಾಥಿಯಾನ್‌ಗಳನ್ನು 2015ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂದು ವರ್ಗೀಕರಿಸಿದಾಗ ಆಧಾರವಾಗಿದ್ದದ್ದು ಮುಖ್ಯವಾಗಿ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಅಂದರೆ ಲಿಂಫೋಮಾ, ಕರುಳಿನದಲ್ಲ. ಬಾಯಿಗೆ ಬಟ್ಟೆ ಕಟ್ಟದೆ, ಬರಿಗೈಯಲ್ಲಿ ಔಷಧ ಹೊಡೆಯುವುದನ್ನು ನಿಲ್ಲಿಸಲು ಬೇರೆ ಬೇಕಾದಷ್ಟು ಕಾರಣಗಳಿವೆ. ಆದರೆ ಎಲ್ಲ ಹೊಣೆಯನ್ನೂ ಹೊಲದ ಮೇಲೆ ಹೊರಿಸಿದರೆ ಕಿಸೆಯಲ್ಲಿರುವ ತಂಬಾಕಿನ ಚೀಟು ಪಾರಾಗಿಬಿಡುತ್ತದೆ.

ಸರ್ಕಾರಿ ತಪಾಸಣೆಯಲ್ಲಿ ಇವು ಪತ್ತೆಯಾಗುತ್ತವೆಯೇ?

30 ದಾಟಿದವರಿಗೆ ನಡೆಸುವ ರಾಷ್ಟ್ರೀಯ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಮಾತ್ರ. ದರ ಕಡಿಮೆ ಇರುವ ಪ್ರದೇಶದಲ್ಲಿ ಎಲ್ಲರಿಗೂ ಕೊಲೊನೋಸ್ಕೋಪಿ ಮಾಡುವುದು ಸಾಧ್ಯವೂ ಅಲ್ಲ, ಸೂಕ್ತವೂ ಅಲ್ಲ. ಆದರೆ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, 40ನೇ ವಯಸ್ಸಿಗೆ ಅಥವಾ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸುವುದು ಸರಿ. ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುವುದರಿಂದ, ಅದನ್ನು ಅಷ್ಟರೊಳಗೆ ಕಿತ್ತು ತೆಗೆದರೆ ರೋಗವೇ ಬಾರದಂತೆ ತಡೆಯಬಹುದು.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರೆ.

ಎಂಡೋಸ್ಕೋಪಿಯಲ್ಲಿ ತೆಗೆಯುವ ಸಾಸಿವೆಯಷ್ಟು ತುಣುಕಿನಿಂದ ರೋಗ ಹರಡುವುದಿಲ್ಲ. ಆ ವರದಿ ಇಲ್ಲದೆ ಯಾವ ಚಿಕಿತ್ಸೆಯನ್ನೂ ಸರಿಯಾಗಿ ಆರಂಭಿಸಲಾಗದು.

ಚಿಕಿತ್ಸೆ ಹುಬ್ಬಳ್ಳಿಯಲ್ಲೇ ಸಾಕೇ, ಬೆಂಗಳೂರು ಅಥವಾ ಮುಂಬೈಗೆ ಹೋಗಬೇಕೇ? ಖರ್ಚಿಗೆ ಏನು ದಾರಿ?

ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಗೂ ಮುಂಚೆ ವಿಕಿರಣ ಚಿಕಿತ್ಸೆ ಬೇಕಾಗಬಹುದು. ಅದು ಬಹಳ ಸಲ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ನಡೆಯುತ್ತದೆ. ಅಷ್ಟು ದಿನ ಪರಊರಿನಲ್ಲಿ ಕೋಣೆ ಹಿಡಿದು, ಹೊಲಮನೆ ಬಿಟ್ಟು ಕೂರುವುದು ಎಷ್ಟೋ ಕುಟುಂಬಗಳಿಗೆ ಆಗುವುದಿಲ್ಲ, ನಡುವೆಯೇ ಚಿಕಿತ್ಸೆ ಬಿಟ್ಟು ಬರುವವರೂ ಇದ್ದಾರೆ. ಪೂರ್ತಿಗೊಳಿಸಿದ ಹತ್ತಿರದ ಚಿಕಿತ್ಸೆ ಅರ್ಧಕ್ಕೆ ನಿಂತ ದೂರದ ಚಿಕಿತ್ಸೆಗಿಂತ ಮೇಲು. ಮೇದೋಜೀರಕ ಗ್ರಂಥಿ, ಲಿವರ್ ಮತ್ತು ಅನ್ನನಾಳದ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾತ್ರ, ಅವನ್ನು ಆಗಾಗ ಮಾಡುವ ತಂಡ ಇರುವಲ್ಲಿ ಮಾಡಿಸಿದರೆ ಫಲ ಉತ್ತಮ. "ಇಂಥ ಆಪರೇಷನ್ ಇಲ್ಲಿ ವರ್ಷಕ್ಕೆ ಎಷ್ಟು ಆಗುತ್ತವೆ" ಎಂದು ಕೇಳುವುದು ಅವಮಾನವಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ ನೆರವು ಇದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡಿನ ಬಗ್ಗೆಯೂ ವಿಚಾರಿಸಬಹುದು. ರೇಷನ್ ಕಾರ್ಡ್, ಆಧಾರ್ ಜೊತೆಗೆ ಸರ್ಕಾರಿ ದವಾಖಾನೆಯ ಶಿಫಾರಸು ಪತ್ರವನ್ನು ದಾಖಲಾಗುವ ಮೊದಲೇ ಮಾಡಿಸಿಕೊಳ್ಳಬೇಕು. ಖಾಸಗಿಯಾಗಿ ದಾಖಲಾಗಿ ಹಣ ಕಟ್ಟಿದ ಮೇಲೆ ಅದನ್ನು ಯೋಜನೆಯಿಂದ ಮರಳಿ ಪಡೆಯುವುದು ಕಷ್ಟ. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರು ಇದೆಯೇ, ಆಧಾರಿನ ಹೆಸರಿಗೆ ಅದು ಹೊಂದುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿರಿ.